ಕತ್ತೆಹೊಟ್ಟೆ

ಲಿಮಾದಲ್ಲಿ ಚಳಿಗಾಲದ ಆಕಾಶಕ್ಕೆ
ಕತ್ತೆಹೊಟ್ಟೆ ಅನ್ನುತ್ತಾರೆ.
ಐದು ತಿಂಗಳು ಅದೇ ಬೂದು. ನೆರಳೂ ಬೀಳದು.

ಮನೆಯೊಡೆಯರು ಊರಲ್ಲಿಲ್ಲ. ಆರ್ಕಿಟೆಕ್ಟ್ ಫೋನಿನಲ್ಲಿದ್ದಾನೆ:
ಸೋಫಾ ಎರಡು ಬೆರಳು ಎಡಕ್ಕೆ,
ಬಟ್ಟಲಲ್ಲಿ ನಿಂಬೆ ಏಳೇ ಇರಲಿ,
ಪುಸ್ತಕಗಳ ಬೆನ್ನು ಗೋಡೆಗೆ, ಹೆಸರು ಕಂಡರೆ ಗದ್ದಲ.
ನಾನು ಮಂಡಿಯೂರಿ ವೈರುಗಳನ್ನು ಟೇಪು ಹಚ್ಚಿ ಅಡಗಿಸುತ್ತೇನೆ.
ಹದಿನೆಂಟು ವರ್ಷ ಇದೇ ಕೆಲಸ:
ಯಾರೂ ಉಂಡಿಲ್ಲ, ಯಾರೂ ಮಲಗಿಲ್ಲ
ಎಂದು ಮನೆಗಳಿಂದ ಸಾಕ್ಷಿ ಹೇಳಿಸುವುದು.

ದೊಮಿತಿಲಾಗೆ ಹೇಳಿದೆ, ಸ್ವಲ್ಪ ಆಚೆ ನಿಲ್ಲಮ್ಮ.
ನಿಂತಳು. ಓವನ್ನಿನ ಕರಿಗಾಜಿನಲ್ಲಿ ಅವಳ ಏಪ್ರನ್ನು ಉಳಿಯಿತು.
ಇನ್ನೂ ಆಚೆ, ಅಂದೆ.

ಸಂಜೆ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು
ಕಿಟಕಿಯ ಬೂದನ್ನು ಕತ್ತರಿಸಿ ತೆಗೆದೆ,
ನನ್ನ ಫೈಲಿನಿಂದ ಒಂದು ನೀಲಿ ಅಂಟಿಸಿದೆ.
ಸಮುದ್ರ ಒಪ್ಪಿಕೊಂಡಿತು. ಆರ್ಕಿಟೆಕ್ಟೂ ಒಪ್ಪಿಯಾನು.

ಬೆನ್ನ ಹಿಂದೆ ದೊಮಿತಿಲಾ, ಕೈಯಲ್ಲಿ ಒರೆಸುಬಟ್ಟೆ:
"ಇದು ನಮ್ಮ ಕಡೆಯದು."
ಏನು?
"ಆಕಾಶ. ಚಿವಾಯ್ ಮೇಲಿನದು. ಇಷ್ಟು ಗಟ್ಟಿ ನೀಲಿ
ಇಲ್ಲಿ ಕೆಳಗೆ ಎಲ್ಲಿ ಸಿಗುತ್ತೆ?"

ಹೌದು, ಅಲ್ಲೇ ತೆಗೆದದ್ದು. ಹೋಟೆಲ್ಲೊಂದರ ಕೆಲಸಕ್ಕೆ ಹೋದಾಗ
ಬಸ್ಸು ಕೆಟ್ಟು ನಿಂತಿದ್ದ ಅರ್ಧ ಗಂಟೆಯಲ್ಲಿ.
ಯಾವ ತಿಂಗಳು, ಕೇಳಿದಳು. ಆಗಸ್ಟ್, ಅಂದೆ.
"ಹಾಗಾದರೆ ಗಾಳಿ ಇದ್ದಿರಬೇಕು."

ಇತ್ತು. ಟ್ರೈಪಾಡ್ ಅವುಚಿಕೊಂಡೇ ನಿಂತಿದ್ದೆ.
ಅದು ಚಿತ್ರದಲ್ಲಿಲ್ಲ.

ಅವಳು ತಲೆಯಾಡಿಸಿ
ಮುಟ್ಟಬಾರದೆಂದಿದ್ದ ನಿಂಬೆಗಳಲ್ಲಿ ಒಂದನ್ನೆತ್ತಿ
ಚಹಾಕ್ಕೆ ಹಿಂಡಿದಳು. ಎರಡು ಲೋಟ.