ಷರಾ

ಲಾಗ್ ಬುಕ್ಕಿನ್ಯಾಗ ಏಳು ಮನಿ ಅದಾವ್ರಿ:
ತಾರೀಖು, ಹೊರಟ ವ್ಯಾಳೆ, ಮುಟ್ಟಿದ ವ್ಯಾಳೆ,
ಹೊರಟಾಗಿನ ಕಿಲೋಮೀಟರು, ಮುಟ್ಟಿದಾಗಿನದು, ಡೀಸೆಲ್.
ಏಳನೇದು ಷರಾ.
ಒಂಬತ್ತು ವರ್ಷ ಅದರಾಗ ನಾ ಎಳದದ್ದು ಬರೇ ಒಂದು ಗೀಟು.
ನಿನ್ನೆ ಆಡಿಟಿಗೆ ಬಂದ ಸಾಹೇಬರು ಕೇಳಿದ್ರು,
“ಖಾಜೇಸಾಬ, ಇದನ್ಯಾಕ ಖಾಲಿ ಬಿಟ್ಟಿ?”

ಬೆರಳಷ್ಟು ಅಗಲದ ಮನಿ, ಸಾಹೇಬ್ರ.
ಯಾರನ್ನಂತ ಇದರಾಗ ಮಲಗಸ್ಲಿ?

ಹಂಗಾರ ಹಾಳಿ ತಿರುವಿ ಹಿಂದಿನ ಮಗ್ಗಲಕ್ಕ ಬರೀತೇನಿ.

ಮಾರ್ಚ್ ಹನ್ನೊಂದು. ಡಂಬಳ ದಾಟಿ ಎರಡನೇ ಪೂಲು.
ನೀಲಗಂಗವ್ವ ಅಲ್ಲೇ ಹಡದಳು.
ಬ್ಯಾಟರಿ ಹಿಡದಾಂವ ಗಂಡ ಅಲ್ಲ, ಕುರಿ ಕಾಯಾಂವ;
ಕೂಸಿನ ಮೊದಲ ಕೂಗಿಗೆ ಓಗೊಟ್ಟದ್ದು ಅವನ ಕುರಿ.
ಈಗ ಆ ಹುಡುಗಿಗೆ ಆರು. ಮನ್ಯಾಗ ಪೂಲವ್ವ ಅಂತಾರ.
ಸಾಲಿ ಮಾಸ್ತರರು ಅದನ್ನ ಫೂಲವ್ವ ಅಂತ ತಿಳದು
ಪಾಟಿ ಮ್ಯಾಲೆ ಹೂವು ಬರದು ಕೊಟ್ಟಾರ.
ಯಾರೂ ತಿದ್ದಿಲ್ಲ.

ಇನ್ನೊಂದು. ತಾರೀಖು ನೆನಪೈತಿ, ಬರಿಯಾಂವಲ್ಲ.
ಹಾವು ಕಡದ ಹುಡುಗ.
ನಮ್ಮ ದವಾಖಾನ್ಯಾಗ ಔಷಧ ಇರಲಿಲ್ಲ.
ತಾಲೂಕಿನ್ಯಾಗ ಔಷಧ ಇತ್ತು, ಡಾಕ್ಟರ್ ಇರಲಿಲ್ಲ.
ಗದಗಿನ್ಯಾಗ ಎರಡೂ ಇದ್ದವು,
ಹುಡುಗ ಇರಲಿಲ್ಲ.
ಮುಟ್ಟಿದ ವ್ಯಾಳೆ ಅನ್ನೂ ಮನ್ಯಾಗ ಏನು ಬರೀಬೇಕಂತ
ಪೆನ್ನು ಹಿಡಕೊಂಡು ಬಾಳೊತ್ತು ಕುಂತಿದ್ದೆ.

ಹೊಸ ಕಟ್ಟಡ ಕೊಡ್ತೇವಿ ಅಂತೀರಿ.
ಕಟ್ಟಡ ಐತಲ್ರಿ. ಕಮಾನೈತಿ, ಕರಿಕಲ್ಲಿನ ಮ್ಯಾಲೆ ಹದಿನಾಲ್ಕು ಹೆಸರದಾವು.
ಹದಿನಾಲ್ಕರಾಗ ಒಬ್ಬರೂ ರಾತ್ರಿ ಎರಡಕ್ಕ ಬಾಗಿಲಾ ತಗಿಯೂದಿಲ್ಲ.
ತಗಿಯಾಕಿ ಎಸ್ತೇರ ಸಿಸ್ಟರು,
ಅಕಿ ಹೆಸರು ಯಾವ ಕಲ್ಲಿನ ಮ್ಯಾಲೂ ಇಲ್ಲ.
ಅಕಿದು ಹನ್ನೊಂದು ತಿಂಗಳಿನ ನೌಕರಿ.
ಹನ್ನೆರಡನೇ ತಿಂಗಳಿನ್ಯಾಗ ಬ್ಯಾನಿ ತಿನಬ್ಯಾಡ್ರಿ ಅಂತ
ಬಸುರ್ಯಾರಿಗೆ ಯಾರು ಡಂಗುರ ಸಾರೂದು?

ಸ್ಕ್ಯಾನಿಂಗ್ ಮಷೀನು ಪ್ಲಾಸ್ಟಿಕ್ ಹೊದ್ದು
ಮೂಲ್ಯಾಗ ಕುಂತೈತಿ ಮದಿಮಗಳಂಗ.
ಮುಸುಕು ತಗಿಯಾಕ ಬಂದಾವರಿಲ್ಲ.
ಕಪ್ಪತಗುಡ್ಡದ ಮ್ಯಾಲೆ ಗಾಳಿಕಂಬ ರಾತ್ರೆಲ್ಲಾ ತಿರಗತಾವು,
ಕೆಂಪು ಕಣ್ಣು ಮಿಟಕಸ್ತಾವು;
ಅವುಗಳ ಕಾಲಬುಡದಾಗ ನಮ್ಮ ಲಸಿಕಿ ಡಬ್ಬಿ
ಕರೆಂಟು ಹೋಗಿ ಬೆವತು ಕುಂತಿರತೈತಿ.

ಅಂಕಿ-ಸಂಖ್ಯೆ ಬೇಕಾದ್ರ ನನ್ನ ಬುಕ್ ಬಿಡ್ರಿ,
ಹುಬ್ಬಳ್ಳಿ ಸರಾಫರನ್ನ ಕೇಳ್ರಿ.
ನಮ್ಮ ತಾಲೂಕಿನ ಆರೋಗ್ಯದ ಲೆಕ್ಕ ಅವರ ತಕ್ಕಡ್ಯಾಗೈತಿ:
ಗರ್ಭಚೀಲಕ್ಕ ಬೋರಮಾಳ, ಎದಿನೋವಿಗೆ ಬಿಲ್ವಾರ,
ಮಾವನ ಕಿಡ್ನಿಗೆ ಸೊಸಿ ತಾಳಿಗುಂಡು.
ಬಿಡಿಸಿಕೊಂಡು ಹೋದಾವರ ಲೆಕ್ಕ ಸಣ್ಣ ವಹಿ.

ನಾನು ಡಾಕ್ಟರ್ ಅಲ್ಲ. ಏಳನೇತ್ತೆ ಫೇಲು.
ಆದ್ರ ಇಷ್ಟು ವರ್ಷ ಹಿಂದಿನ ಸೀಟಿನ ಉಸಿರು ಕೇಳಿ
ಗೇರು ಬದಲಿಸಿದಾಂವ.
ಹೊಸ ಗಾಡಿ ಕೊಡ್ತೇವಿ, ಗಾಳಿಗತೆ ಓಡತೈತಿ ಅಂದ್ರಿ.
ಜೋರಿನ ಗಾಡಿ ಬ್ಯಾಡ್ರಿ.
ಈ ಗಾಡಿ ನಿಂತಲ್ಲೇ ಧೂಳ ತಿನ್ನೂವಂಗ ಮಾಡ್ರಿ.
ನಡುರಾತ್ರಿ ನಮ್ಮೂರಾಗ ಒಂದು ದೀಪ, ಒಬ್ಬ ಡಾಕ್ಟರ್,
ಹನ್ನೆರಡೂ ತಿಂಗಳು ಎಸ್ತೇರ ಸಿಸ್ಟರು.
ಸ್ಟ್ರೆಚರಿನ ಮ್ಯಾಲೆ ಬೆಕ್ಕು ಮರಿ ಹಾಕಲಿ,
ನಾ ಗಾಡಿ ನೆಳ್ಳಾಗ ಎಲಿ ಅಡಕಿ ಹಾಕ್ಕೊಂಡು ಕುಂದರ್ತೇನಿ,
ಪಗಾರ ದಂಡಕ್ಕ ಅಂತ ಊರ ಮಂದಿ ಬೈಲಿ.
ಆವಾಗ ಈ ಮನ್ಯಾಗ ಮತ್ತ ಗೀಟು ಎಳೀತೇನಿ, ಸಾಹೇಬ್ರ,
ಕೈ ನಡುಗದಂಗ.

ಫೋನು ಬಂತು. ಬರದೂರು ಕಡೆ, ಚೊಚ್ಚಲು ಅಂತ.
ಹೊರಟ ವ್ಯಾಳೆ ಬರದೇನಿ.
ಉಳಿದದ್ದು ಬಂದಮ್ಯಾಲೆ.