ಮೂರು ಕಿಲೋ ಇನ್ನೂರು

ಹಾಸನದ ಸಂತೆಪೇಟೆ ಯಾರ್ಡಿನಲ್ಲಿ ನಾನು ತೂಕದವನು.
ಇಪ್ಪತ್ತೆರಡು ವರ್ಷ ಆಲೂಗಡ್ಡೆ ತೂಗಿ
ಯಾರಿಗೂ ಬೇಕಾದವನಾಗಿಲ್ಲ.
ಅರ್ಧ ಕಿಲೋ ನುಂಗಿದೆ ಅನ್ನುತ್ತಾನೆ ದುದ್ದದ ರೈತ,
ಅರ್ಧ ಕಿಲೋ ಬಿಟ್ಟುಕೊಟ್ಟೆ ಅನ್ನುತ್ತಾರೆ ಮಂಡಿಯ ಗುಲ್ಜಾರ್ ಸಾಹೇಬರು.
ಇರುವುದು ಒಂದೇ ಅರ್ಧ ಕಿಲೋ,
ಎರಡು ಕಡೆಯಿಂದಲೂ ನನ್ನ ಮೇಲೇ ಬೀಳುತ್ತದೆ.

ಮಲಗಿದರೂ ತಕ್ಕಡಿಯ ಕೆಂಪು ಅಂಕಿ ಓಡುವುದು ನಿಲ್ಲುತ್ತಿರಲಿಲ್ಲ:
ಐವತ್ತು ನಾನೂರು, ನಲವತ್ತೊಂಬತ್ತು ಎಂಟುನೂರು,
ಚೀಲ ಕಳೆ, ಮಣ್ಣು ಕಳೆ,
ಕಳೆದು ಕಳೆದು ಬೆಳಗಾಗುವಾಗ
ಉಳಿಯುತ್ತಿದ್ದುದು ತಲೆನೋವು.
ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು
ನೂರ ಅರವತ್ತು ಅಂದರು.
ಚೀಲ ಸೇರಿಸಿಯೋ ಬಿಟ್ಟೋ, ಅಂತ ಬಾಯಿಗೆ ಬಂದುಬಿಟ್ಟಿತು.
ಅವರು ನಗಲಿಲ್ಲ.
ಬಿಳಿ ಮಾತ್ರೆ ಬರೆದರು, ಉಪ್ಪಿನಕಾಯಿ ಕಿತ್ತುಕೊಂಡರು.

ಕೊತ್ತಿಯನ್ನು ನಾನಾಗಿ ತಂದದ್ದಲ್ಲ.
ಜಲಂಧರದಿಂದ ಬಿತ್ತನೆ ಗಡ್ಡೆಯ ಲಾರಿ ಬಂದ ದಿನ
ಗೋಣಿಗಳ ಸಂದಿನಲ್ಲಿ ಅಂಗೈಯಷ್ಟಿತ್ತು.
ಅಲ್ಲಿಯದೋ, ದಾರಿಯಲ್ಲಿ ಎಲ್ಲೋ ಹತ್ತಿದ್ದೋ,
ಅದರ ಬಿಲ್ಟಿ ಯಾರ ಹತ್ತಿರವೂ ಇಲ್ಲ.
ಹಮಾಲಿ ಬೋರೇಶ ನನ್ನ ಬುತ್ತಿ ಚೀಲಕ್ಕೆ ಇಳಿಬಿಟ್ಟು
"ತಗಳಿ ಸಾ, ಮಾಲು ಒಂದ್ ಹೆಚ್ಚಿಗೆ ಬಂದದೆ" ಅಂದ.
ಪೆನ್ಷನ್ ಮೊಹಲ್ಲಾದ ನಮ್ಮ ಎರಡು ಕೋಣೆಗೆ
ಹಾಗೆ ಬಂತು, ಯಾವ ಲೆಕ್ಕಕ್ಕೂ ಸಿಗದೆ.

ಬೆಳಿಗ್ಗೆ ಆರಕ್ಕೆ ಚಪ್ಪಲಿ ಮೆಟ್ಟುವುದೇ ತಡ
ಎಡದಿಂದ ಬಲಕ್ಕೆ, ಬಾಲ ನೆಟ್ಟಗೆ.
"ಅಡ್ಡ ಬಂತಲ್ಲ, ಕೂತು ನೀರು ಕುಡಿದು ಹೋಗಿ,"
ಒಳಗಿಂದಲೇ ಲಲಿತಾಕ್ಷಿ.
ಮನೆ ಕೊತ್ತಿಗೂ ಶಕುನವೇನೇ, ಎಂದೆ ಮೊದಲ ದಿನ.
"ಕೊತ್ತಿ ಕೊತ್ತಿಯೇ."
ಕೂತೆ.
ದಿನಾ ಅಡ್ಡ ಬರುತ್ತದೆ. ದಿನಾ ಕೂರುತ್ತೇನೆ.
ದಾಟಿ ಹೋದದ್ದು ತಿರುಗಿ ಬಂದು
ಮಂಡಿಗೆ ತಲೆ ತಿಕ್ಕುತ್ತದೆ, ಕೆಲಸ ಮುಗಿಸಿದ ಅಮೀನನ ಹಾಗೆ.
ಒಂದು ಲೋಟ ನೀರು ಮುಗಿಯುವಷ್ಟು ಹೊತ್ತು
ಎದುರು ಮನೆ ಷಮೀಮಾ ಪೊರಕೆಯ ಸದ್ದು,
ಹಾಲಿನವನು ಸೈಕಲ್ಲಿಗೆ ಸ್ಟ್ಯಾಂಡು ಹಾಕುವ ಸದ್ದು,
ಗೋಡೆಯಿಂದ ಗೋಡೆಗೆ ಇಳಿಯುವ ಬಿಸಿಲು.
ಇಷ್ಟು ವರ್ಷ ಈ ಹೊಸ್ತಿಲನ್ನು ದಾಟಿದ್ದೆ,
ಕೂತಿರಲೇ ಇಲ್ಲ.
ಮೊದಲ ಲಾರಿ ನನಗೆ ಕಾಯುತ್ತದೆ ಅಂದುಕೊಂಡಿದ್ದೆ.
ಡ್ರೈವರು ಮಲಗಿರುತ್ತಾನೆ, ಸ್ಟೇರಿಂಗಿನ ಮೇಲೆ ಕಾಲು ಹಾಕಿ.

ಒಂದು ಭಾನುವಾರ ರಿಪೇರಿಗೆಂದು ಸಣ್ಣ ತಕ್ಕಡಿ ಮನೆಗೆ ತಂದಿದ್ದೆ.
ತಾನೇ ಬಂದು ತಟ್ಟೆಯಲ್ಲಿ ಕೂತಿತು,
ಮಾರಾಟಕ್ಕಿಲ್ಲ ಎಂಬ ಮುಖದಲ್ಲಿ.
ಮೂರು ಕಿಲೋ ಇನ್ನೂರು.
ಬಾಲ ಹೊರಗಿತ್ತು.
ಬಾಲದ್ದು ಬಿಟ್ಟುಕೊಟ್ಟೆ.
ಯಾರೂ ತಕರಾರು ಮಾಡದ ತೂಕ
ನನ್ನ ಸರ್ವೀಸಿನಲ್ಲಿ ಅದೊಂದೇ.

ಮೊನ್ನೆ ಗೋಣಿ ಹರಿದು ಜಗಳ ಹತ್ತಿ
ಯಾರೋ ನನ್ನ ಕಾಲರಿಗೆ ಕೈ ಹಾಕಿದರು.
ಗುಂಡಿ ಕಿತ್ತ ಅಂಗಿಯಲ್ಲೇ ಮನೆಗೆ ಬಂದು
ದೀಪ ಹಾಕದೆ ಅಂಗಾತ ಬಿದ್ದೆ.
ಲಲಿತಾಕ್ಷಿ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ,
ಹೇಳಿದರೆ ಮತ್ತೆ ಕುದಿಯುತ್ತಿತ್ತು.
ಕೊತ್ತಿ ಹತ್ತಿ ಬಂತು.
ಎದೆಯನ್ನು ಹಿಟ್ಟಿನ ಹಾಗೆ ನಾದಿ, ಒಂದು ಸುತ್ತು ತಿರುಗಿ,
ಗುಂಡಿ ಹೋದ ಜಾಗಕ್ಕೆ ಗದ್ದ ಇಟ್ಟು
ಗುರುಗುಟ್ಟತೊಡಗಿತು,
ಇಂಜಿನ್ ಆರಿಸದೆ ಯಾರೋ ಟೀಗೆ ಹೋದಂತೆ.

ತೂಕ ಬಲ್ಲವನು ನಾನು.
ಇರುವ ಭಾರದ ಮೇಲೆ ಮೂರು ಕಿಲೋ ಇನ್ನೂರು ಹೇರಿದರೆ
ಅಂಕಿ ಏರಲೇಬೇಕು.
ಲೆಕ್ಕ ಎಲ್ಲಿ ತಪ್ಪಿತೋ ಹುಡುಕುತ್ತ ಹೊರಟೆ:
ಐವತ್ತು ನಾನೂರು, ನಲವತ್ತೊಂಬತ್ತು...
ಅದರ ಉಸಿರಿಗೆ ನನ್ನ ಉಸಿರು ಒಂದೆರಡು ಸಲ ಎಡವಿ
ಆಮೇಲೆ ಜೊತೆ ಹಿಡಿಯಿತು.

ಮಾತ್ರೆ ಈಗಲೂ ನುಂಗುತ್ತೇನೆ.
ಯಾರ್ಡಿನಲ್ಲಿ ಬೈಗುಳ ಈಗಲೂ ಅಷ್ಟೇ.

ನಡುರಾತ್ರಿ ಅಟ್ಟದ ಮೇಲೆ ಇಲಿಯೊಂದು ಓಡಿತು.
ಕೊತ್ತಿ ಒಂದು ಕಿವಿ ತಿರುಗಿಸಿತು, ಅಷ್ಟೇ.
ಏಳಲಿಲ್ಲ.
ನಾನೂ ಏಳಲಿಲ್ಲ.