ಎ.ಸಿ. ಹಿಂದಿನ ಹಗ್ಗ

ಮತ್ರಾದ ಮೀನು ಮಾರುಕಟ್ಟೆಯ ಹಿಂದಿನ ಓಣಿ,
ಹನ್ನೆರಡು ಕುರ್ಚಿಯ ಕೆಫೆಟೇರಿಯಾ.
ರಾತ್ರಿ ಒಂದೂವರೆಗೆ ಪರೋಟದ ಹೆಂಚು ಆರುತ್ತದೆ,
ಆಮೇಲೆ ನನ್ನ ಪಾಳಿ:
ಹದಿನಾಲ್ಕು ಬಟ್ಟೆ.

ನಮ್ಮ ರಾಣೆಬೆನ್ನೂರಿನಲ್ಲಿ ಇದಕ್ಕೆ ಮಸಿಅರಿವೆ,
ಸೈಫುಲ್‌ಗೆ ನ್ಯಾಕ್ರಾ, ಮಾಲೀಕನಿಗೆ ಫೂತಾ.
ಕುದಿಯುವಾಗ ಎಲ್ಲವೂ ಒಂದೇ ಡಬರಿಯಲ್ಲಿ.
ಸೋಡಾ ತಾಗಿದ ಅರಿಶಿನ ಮೊದಲು ಕೆಂಪಾಗಿ ಏಳುತ್ತದೆ,
ನಂತರ ಬಂಗುಡೆ, ನಂತರ ಚಹಾ,
ಕೊನೆಗೆ ಇಂಥದ್ದೆಂದು ಹೇಳಲಾಗದ ಒಂದು ವಾಸನೆ.
ಅದು ಹೋಗುವ ತನಕ ಕುದಿಯಲಿ, ಎನ್ನುತ್ತಾರೆ
ವಾಮನ ಶೆಟ್ಟಿಗಾರರು.

ಕಿನ್ನಿಗೋಳಿ ಕಡೆಯ ಮಗ್ಗದ ಮನೆಯವರು.
ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಾರೆ,
ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ:
"ಹಾಸು ಗಟ್ಟಿ ಉಂಟು, ಹೊಕ್ಕು ಸತ್ತಿದೆ. ಇದಿನ್ನು ನೆಲಕ್ಕೆ."
ನೆಲಕ್ಕಿಳಿದದ್ದು ಮತ್ತೆ ಮೇಜಿಗೆ ಏರುವಂತಿಲ್ಲ.

ಅಂಚಿನಲ್ಲಿ ಗುರುತಿನ ಹೊಲಿಗೆ:
ಮೀನಿಗೆ ನೀಲಿ, ಮಾಂಸಕ್ಕೆ ಕೆಂಪು,
ಗಾಜಿನ ಲೋಟಕ್ಕೆ ಬಿಳಿಯ ಮೇಲೆ ಬಿಳಿ,
ಬೆರಳಿಂದ ತಡವಿಯೇ ತಿಳಿಯಬೇಕು.
"ಇದೂ ಒಂದು ಮಡಿಯೇನ್ರೀ?" ಅಂದೆ ಒಮ್ಮೆ.
"ಆ ಮಡಿ ಕೇಳುವುದು ಯಾರು ಮುಟ್ಟಿದ್ದು ಅಂತ.
ನಾನು ಕೇಳುವುದು ಏನು ಮುಟ್ಟಿದ್ದು ಅಂತ, ಮಾರಾಯ.
ಹಿಂಡು, ಹಿಂಡು."

ಒಗೆಯುವುದು ಏನೂ ಅಲ್ಲ, ಒಣಗಿಸುವುದೇ ಕಷ್ಟ.
ಮರಳುಗಾಡು ಅಂದುಕೊಂಡು ಬಂದವನು ನಾನು;
ಆಗಸ್ಟಿನ ರಾತ್ರಿ ಕಡಲೇ ಎದ್ದುಬಂದು
ತಾರಸಿಯ ಮೇಲೆ ಮಲಗಿರುತ್ತದೆ.
ಹರವಿದ್ದು ಬೆಳಗಿಗೆ ಇನ್ನಷ್ಟು ಒದ್ದೆ.
ಬಾಲ್ಕನಿಯಲ್ಲಿ ನೇತುಹಾಕಿದರೆ ಬಲದಿಯಾದವರ ದಂಡ.
ಶೆಟ್ಟಿಗಾರರು ಎ.ಸಿ.ಗಳ ಬೆನ್ನು ಹುಡುಕಿದರು:
ಮೂರು ಪೆಟ್ಟಿಗೆಗಳ ಹಿಂದೆ ಒಂದು ನೈಲಾನ್ ಹಗ್ಗ.
ಒಳಗೆ ಯಾರೋ ತಣ್ಣಗೆ ನಿದ್ರಿಸಲೆಂದು
ಹೊರಗೆ ದಬದಬನೆ ಬಿಸಿಗಾಳಿ,
ಅದರಲ್ಲಿ ನಮ್ಮ ಹದಿನಾಲ್ಕೂ
ಅರ್ಧ ತಾಸಿಗೆ ಹಪ್ಪಳ.

ನಡುವೆ ಮಾಲೀಕ ತಂದ ಒಂದು ಡಬ್ಬ ಹಳದಿ ಸ್ಪಂಜು
ಮೂರನೆಯ ದಿನಕ್ಕೇ ನಾರಿತು.
ತಪಾಸಣೆಗೆ ಬಂದ ಹುಡುಗಿ ಬಟ್ಟೆ ಎತ್ತಿ ಮೂಸಿದಳು,
ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಕಳೆದ ವಾರ ಒಂದು ಹರಿಯಿತು. ಹದಿಮೂರು.
ಶೆಟ್ಟಿಗಾರರು ಮಂಚದಡಿಯ ಟ್ರಂಕು ಎಳೆದರು,
ತಾಯಿ ನೇಯ್ದ ಬೈರಾಸು,
ಹನ್ನೊಂದು ವರ್ಷದ ಮಡಿಕೆ ಬಿಚ್ಚದ್ದು.
"ಇಟ್ಟದ್ದೂ ನಾರುತ್ತದೆ. ನೋಡು, ನುಸಿಗುಳಿಗೆ."
ಹಲ್ಲಿನಿಂದ ಅಂಚು ಕಚ್ಚಿ
ಪರ್ರೆಂದು ನಾಲ್ಕು ತುಂಡು ಮಾಡಿದರು.
ನಾನು ಬೇರೆಲ್ಲೋ ನೋಡಿದೆ.

ಇವತ್ತು ಅದಕ್ಕೆ ಮೊದಲ ಕುದಿ.
ನೀಲಿ ಪಟ್ಟೆ ಬಣ್ಣ ಬಿಡಬಹುದೆಂದು
ಬೇರೆ ಪಾತ್ರೆಯಲ್ಲಿ ಇಟ್ಟೆ.
ಬಿಡಲಿಲ್ಲ.
ಪಾಳಿ ಮುಗಿದರೂ ಮಲಗದ ಶೆಟ್ಟಿಗಾರರು
ಬೀಡಿಯ ನೆಪದಲ್ಲಿ ಎರಡು ಸಲ
ಬಂದು ಇಣುಕಿ ಹೋದರು.